ನಾವು ಚಿತ್ರದುರ್ಗದ ಪಾಳೆಯಗಾರರ ವಂಶದವರೇ ಎಂದು ವೈ-ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದೇ?

ಅದೊಂದರಿಂದಲೇ ತಿಳಿಯುವುದಿಲ್ಲ. ವೈ ವರ್ಣತಂತು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿಯುತ್ತದೆ. ಅಪರೂಪಕ್ಕೊಮ್ಮೆ ಅದರ ಡಿಎನ್‌ಎ ಬರಹದಲ್ಲಿ ಒಂದಕ್ಷರ ಬದಲಾದರೆ, ಅದು ಆ ಮಗನ ಗಂಡುಸಂತತಿಗೆಲ್ಲ ಗುರುತಾಗಿ ಉಳಿಯುತ್ತದೆ. ಒಂದೇ ಗುರುತು ಹೊತ್ತವರ ಗುಂಪೇ ಹ್ಯಾಪ್ಲೋಗ್ರೂಪ್. ವರದಿಯಲ್ಲಿ ‘ಎಚ್’ ಎಂದೋ ‘ಆರ್1ಎ’ ಎಂದೋ ಬಂದರೆ ಅದು ಸಾವಿರಾರು ವರ್ಷ ಹಿಂದಿನ ಮೂಲಪುರುಷನ ಮಾತು. ದಕ್ಷಿಣ ಭಾರತದ ಹತ್ತಾರು ಜಾತಿಗಳಲ್ಲಿ ಅವೇ ಗುಂಪುಗಳಿವೆ. ಪಾಳೆಯಗಾರರ ನೇರ ಗಂಡುಸಂತತಿ ಎಂದು ದಾಖಲೆಯುಳ್ಳವರ ಫಲಿತಾಂಶದೊಂದಿಗೆ ಹೋಲಿಸಿದರಷ್ಟೇ ಸುಳಿವು ಸಿಕ್ಕೀತು. ಅಷ್ಟಕ್ಕೂ, ಕೋಟೆ ಹೈದರಾಲಿಯ ವಶವಾದ 1779ಕ್ಕೆ ಎಂಟು ತಲೆಮಾರು ಎಂದಿಟ್ಟುಕೊಂಡರೆ ಆ ಮಟ್ಟದಲ್ಲಿ ನಿಮಗೆ 256 ಪೂರ್ವಜರು. ಈ ಪರೀಕ್ಷೆ ಹೇಳುವುದು ಅವರಲ್ಲಿ ಒಬ್ಬನ ಬಗ್ಗೆ. ಹೆಣ್ಣುಮಕ್ಕಳಲ್ಲಿ ವೈ ಇರುವುದಿಲ್ಲ. ಅವರು ತಂದೆಯದೋ ಅಣ್ಣತಮ್ಮಂದಿರದೋ ಜೊಲ್ಲಿನ ಮಾದರಿ ಕೊಡಿಸಬೇಕು.