ಓದುಗರ ಪ್ರಶ್ನೆ: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಪ್ರಶ್ನೆ: ತಮ್ಮನಿಗೆ 26 ವರ್ಷ, ಸ್ಕಿಜೋಫ್ರೇನಿಯಾ. ಆಸ್ಪತ್ರೆಯಿಂದ ಬಂದು ನಾಲ್ಕು ತಿಂಗಳಾಯಿತು. ಕಿವಿಯಲ್ಲಿ ದನಿ ಕೇಳಿಸುವುದು ನಿಂತಿದೆ. ಆದರೆ ಹನ್ನೊಂದಾದರೂ ಏಳುವುದಿಲ್ಲ, ಸ್ನಾನಕ್ಕೆ ಹತ್ತು ಸಲ ಹೇಳಬೇಕು. ಸೋಮಾರಿ ಎಂದು ಅಪ್ಪ ದಿನಾ ಬೈಯುತ್ತಾರೆ. ಮಾತ್ರೆ ಬೇಡವೆಂದರೆ ಅಮ್ಮ ಸಾರಿನಲ್ಲಿ ಬೆರೆಸಿ ಕೊಡುತ್ತಾರೆ. ಏನು ಮಾಡಲಿ?
– ಓದುಗರು, ನಾಗರಬಾವಿ

ಉತ್ತರ: ಸಾರಿನ ವಿಷಯ ಮೊದಲು. ಗೊತ್ತಾದ ದಿನ ಅವನು ಮಾತ್ರೆಯನ್ನಷ್ಟೇ ಅಲ್ಲ, ಊಟವನ್ನೂ ಅಮ್ಮನನ್ನೂ ನಂಬುವುದಿಲ್ಲ. ಹಾಗೆಂದು ಔಷಧ ಒಮ್ಮೆಲೇ ತಪ್ಪಲೂಬಾರದು. ತಪ್ಪಿದರೆ ಕಾಯಿಲೆ ಮರುಕಳಿಸಬಹುದು. ಈ ವಾರವೇ ವೈದ್ಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಾತ್ರೆ ಯಾಕೆ ಬೇಡ ಎಂದು ಅವನನ್ನು ಕೇಳಿ. ತೂಕ ಏರಿದೆಯೇ, ಕೈ ನಡುಗುತ್ತದೆಯೇ, ಕೂತಲ್ಲಿ ಕೂರಲಾಗದ ಚಡಪಡಿಕೆಯೇ? ಪ್ರತಿಯೊಂದಕ್ಕೂ ಮಾಡಬಹುದಾದದ್ದಿದೆ: ಪ್ರಮಾಣ ಇಳಿಸುವುದು, ಔಷಧ ಬದಲಿಸುವುದು, ಅವನು ಒಪ್ಪಿದರೆ ಎರಡು ವಾರಕ್ಕೋ ತಿಂಗಳಿಗೋ ಒಂದು ಇಂಜೆಕ್ಷನ್.

ಅವನದು ಸೋಮಾರಿತನವಲ್ಲ. ಏಳಲಾಗದ್ದಕ್ಕೆ ಮೂರು ಕಾರಣಗಳಿರಬಹುದು. ಮಾತ್ರೆಯ ಮಂಪರಾದರೆ ಮಧ್ಯಾಹ್ನದ ಹೊತ್ತಿಗೆ ಚುರುಕಾಗುತ್ತಾನೆ. ರಾತ್ರಿಯ ಮಾತ್ರೆಯನ್ನು ಸ್ವಲ್ಪ ಬೇಗ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಸಂಜೆಯಾದರೂ ಯಾವುದರಲ್ಲೂ ಮನಸ್ಸಿಲ್ಲ, ಮುಖದಲ್ಲಿ ಭಾವವಿಲ್ಲ ಎಂದರೆ ಅದು ಕಾಯಿಲೆಯದೇ ಲಕ್ಷಣ. ಇದಕ್ಕೆ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಚಟುವಟಿಕೆಯೇ ಮದ್ದು. ಅಳು, ನಿರಾಶೆ, ಸಾಯುವ ಮಾತು ಇದ್ದರೆ ಖಿನ್ನತೆ. ಅದಕ್ಕೆ ಕಾಯಬೇಡಿ, ಕೂಡಲೇ ತೋರಿಸಿ.

ಚಟುವಟಿಕೆ ಎಂದೊಡನೆ ಮನೆಯವರು ಬೆಳಿಗ್ಗೆ ಆರಕ್ಕೆ ಯೋಗ, ಎಂಟಕ್ಕೆ ವಾಕಿಂಗ್, ಹತ್ತಕ್ಕೆ ಕಂಪ್ಯೂಟರ್ ಕ್ಲಾಸ್ ಎಂದು ಪಟ್ಟಿ ಹಾಕುತ್ತಾರೆ. ಮೂರೇ ದಿನದಲ್ಲಿ ಅದು ಮುರಿದು ಬೀಳುತ್ತದೆ, ಜೊತೆಗೆ ಅವನ ಧೈರ್ಯವೂ. ಒಂದೇ ಕೆಲಸ ಸಾಕು, ಅದನ್ನು ಅವನೇ ಆರಿಸಲಿ. ಸಂಜೆ ಐದಕ್ಕೆ ನಂದಿನಿ ಬೂತಿನಿಂದ ಹಾಲು ತರುವುದು ಎಂದಿಟ್ಟುಕೊಳ್ಳಿ. ಎರಡು ವಾರ ಅದಷ್ಟೇ. ತಪ್ಪಿದ ದಿನ ನೀವು ತನ್ನಿ, ಮಾತಾಡಬೇಡಿ. ಅದು ರೂಢಿಯಾದ ಮೇಲೆ ಇನ್ನೊಂದು ಸೇರಿಸಿ. ಅಪ್ಪನಿಗೆ ಇದನ್ನು ತಿಳಿಸಲೇಬೇಕು: ಸದಾ ಟೀಕೆ, ಸಿಟ್ಟು ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅತಿ ಮುದ್ದಿನಿಂದಲೂ ಹಾಗೆಯೇ. "ಹಾಲು ತಂದೆಯಲ್ಲ, ಅನುಕೂಲವಾಯ್ತು ಕಣೋ" ಎಂದರೆ ಸಾಕು.

ಹಿಂದಿನ ಸಲ ಕಾಯಿಲೆ ಹೇಗೆ ಶುರುವಾಯಿತು ಎಂದು ಅವನ ಜೊತೆ ಕೂತು ಬರೆದಿಡಿ: ನಿದ್ದೆ ಕೆಟ್ಟದ್ದು, ಕಿಟಕಿ ಮುಚ್ಚಿಡತೊಡಗಿದ್ದು, ತನ್ನಷ್ಟಕ್ಕೆ ಗೊಣಗಿದ್ದು. ಅವುಗಳಲ್ಲಿ ಎರಡು ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೆಲಸ ಕಲಿಯುವ ಮನಸ್ಸು ಬಂದಾಗ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ವಿಚಾರಿಸಿ. ಬೇಕರಿ ಕೆಲಸವೂ ಅಲ್ಲಿದೆ.

ಪ್ರಶ್ನೆ: ಅಕ್ಕನಿಗೆ ಬಹುಕಾಲದಿಂದ ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಏರಿಳಿಯುವ ಕಾಯಿಲೆ). ಅಂಗವೈಕಲ್ಯದ ಕಾರ್ಡು ಸಿಗುತ್ತದೆಯೇ?
– ಓದುಗರು, ಯಶವಂತಪುರ

ಉತ್ತರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಯುಡಿಐಡಿ ಕಾರ್ಡಿಗೆ (ಅಂಗವೈಕಲ್ಯದ ಗುರುತಿನ ಕಾರ್ಡು) ಆನ್‌ಲೈನ್ ಅರ್ಜಿ ಹಾಕಬೇಕು. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ವಿಷಯಗಳಿಗೆ 0ಯಿಂದ 4ರವರೆಗೆ ಅಂಕ ಕೊಟ್ಟು, ಕಾಯಿಲೆಯ ಅವಧಿಯನ್ನೂ ಸೇರಿಸಿ ಅಳೆಯುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ವೈಕಲ್ಯ ಇರಬೇಕು. ಸಂಕೋಚದಿಂದ "ಎಲ್ಲ ಚೆನ್ನಾಗಿದ್ದಾಳೆ" ಎನ್ನುವ ಮನೆಯವರಿಂದಲೇ ಅಂಕ ಇಳಿಯುತ್ತದೆ. ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲ ಒಯ್ಯಿರಿ. ಕಾರ್ಡು ಬೇಕೋ ಬೇಡವೋ ಎಂಬುದು ಅಕ್ಕನ ತೀರ್ಮಾನ.

ಪ್ರಶ್ನೆ: ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಮಂಡಿನೋವಿಗೆ ಮಾತ್ರೆ ನುಂಗಬಹುದೇ?
– ಓದುಗರು, ಬಸವನಗುಡಿ

ಉತ್ತರ: ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತದಲ್ಲಿ ಲಿಥಿಯಂ ಏರುತ್ತದೆ. ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಆಗುತ್ತದೆ. ಉಪ್ಪನ್ನು ಒಮ್ಮೆಲೇ ಬಿಡಬೇಡಿ, ನೀರು ಕಡಿಮೆ ಮಾಡಬೇಡಿ. ಲಿಥಿಯಂ ಮಟ್ಟದ ರಕ್ತಪರೀಕ್ಷೆ ಕೊನೆಯ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ. ವಾಂತಿ, ಭೇದಿ, ಜೋರಾದ ನಡುಕ, ನಡಿಗೆಯಲ್ಲಿ ತೂರಾಟ ಕಂಡರೆ ಮುಂದಿನ ಮಾತ್ರೆ ನುಂಗದೆ ನೇರ ತುರ್ತು ವಿಭಾಗಕ್ಕೆ ಹೋಗಿ.