ಪಂಚರನ್ನು ಕೂರಿಸುವವರು ಯಾರು?

ತುಮಕೂರಿನ ಓದುಗರೊಬ್ಬರ ಪತ್ರದ ಸಾರ: ‘ಮನೆ ಕಟ್ಟಿಸಲು ಒಂದು ಕಂಪನಿಗೆ 14 ಲಕ್ಷ ರೂಪಾಯಿ ಕೊಟ್ಟೆ. ಲಿಂಟಲ್‌ವರೆಗೆ ಬಂದು ಕೆಲಸ ನಿಂತಿದೆ. ವ್ಯಾಜ್ಯವೆಲ್ಲ ಆರ್ಬಿಟ್ರೇಷನ್‌ಗೇ ಹೋಗಬೇಕು, ಆರ್ಬಿಟ್ರೇಟರನ್ನು ಕಂಪನಿಯ ಎಂ.ಡಿ. ನೇಮಿಸುತ್ತಾರೆ ಎಂದು ಕರಾರಿನಲ್ಲಿದೆ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ. ಅದಕ್ಕಿಂತ ಇದೇ ವಾಸಿಯಲ್ಲವೇ? ಕರಾರು 100 ರೂಪಾಯಿ ಸ್ಟ್ಯಾಂಪ್ ಪೇಪರಿನಲ್ಲಿದೆ, ಅದು ನಡೆಯುತ್ತದೆಯೇ?’

ಸಂಪಾದಕರ ಉತ್ತರ:

ಮೊದಲು ನಮ್ಮದೇ ಒಂದು ತಪ್ಪೊಪ್ಪಿಗೆ. ಆರ್ಬಿಟ್ರೇಷನ್, ಮೀಡಿಯೇಷನ್ ಎರಡನ್ನೂ ‘ಮಧ್ಯಸ್ಥಿಕೆ’ ಎಂದೇ ಅಚ್ಚು ಹಾಕಿ ಗೊಂದಲ ಬೆಳೆಸಿದವರಲ್ಲಿ ಪತ್ರಿಕೆಯವರೂ ಇದ್ದೇವೆ. ಮೀಡಿಯೇಟರ್ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಒಪ್ಪದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರ್ ತೀರ್ಪನ್ನೇ ಕೊಡುತ್ತಾರೆ, ಅದು ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿಯಾಗುತ್ತದೆ. ಎದ್ದು ಬಂದರೆ ನಿಮ್ಮ ಗೈರಿನಲ್ಲೇ ವಿಚಾರಣೆ ಮುಗಿಯುತ್ತದೆ.

ಹಾಗಾಗಿ ಆ ಕುರ್ಚಿಯಲ್ಲಿ ಯಾರನ್ನು ಕೂರಿಸುತ್ತಾರೆ ಎನ್ನುವುದೇ ಮುಖ್ಯ. ನಿಮ್ಮ ಕರಾರಿನ ಕೊಳೆತ ಹಲಗೆ ಅದೇ. ವ್ಯಾಜ್ಯದ ಫಲದಲ್ಲಿ ಹಿತಾಸಕ್ತಿ ಇರುವವರು ಒಬ್ಬರೇ ಕೂತು ಪಂಚರನ್ನು, ಅಂದರೆ ಆರ್ಬಿಟ್ರೇಟರನ್ನು, ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಎಂ.ಡಿ. ತಮಗೆ ಬೇಕಾದವರನ್ನು ಕೂರಿಸಿದರೆ ನೀವು ಲಿಖಿತ ಒಪ್ಪಿಗೆ ಕೊಡಬೇಡಿ. ಇಬ್ಬರಿಗೂ ಒಪ್ಪಿಗೆಯಾಗುವ ಹೆಸರನ್ನು ನೋಟಿಸ್ ಕೊಟ್ಟು ಕೇಳಿ. 30 ದಿನದಲ್ಲಿ ಒಮ್ಮತ ಬಾರದಿದ್ದರೆ ಆರ್ಬಿಟ್ರೇಷನ್ ಕಾಯಿದೆಯ 11ನೇ ಕಲಮಿನಡಿ ಹೈಕೋರ್ಟೇ ನೇಮಿಸುತ್ತದೆ.

ಇದರಲ್ಲಿ ಬೇಗ ಮುಗಿಯುವ ಲಾಭ ಇದೆ, ನಿಜ. ವಾದಪತ್ರ, ಉತ್ತರ ಸಲ್ಲಿಕೆಯಾದ ಮೇಲೆ 12 ತಿಂಗಳು, ಇಬ್ಬರೂ ಒಪ್ಪಿದರೆ ಇನ್ನಾರು ತಿಂಗಳು. ಆದರೆ ಖರ್ಚು? ಕೋರ್ಟಿನಲ್ಲಿ ನ್ಯಾಯಾಧೀಶರ ಸಂಬಳ ಸರ್ಕಾರದ್ದು, ಇಲ್ಲಿ ನಿಮ್ಮದು. ಕಾಯಿದೆಯ ನಾಲ್ಕನೇ ಅನುಸೂಚಿಯ ಮಾದರಿ ದರದಲ್ಲಿ ಲೆಕ್ಕ ಹಾಕಿದೆವು: 14 ಲಕ್ಷದ ತಕರಾರಿಗೆ 76,500 ರೂಪಾಯಿ, ಒಬ್ಬರೇ ಆರ್ಬಿಟ್ರೇಟರ್ ಆದರೆ ಶೇ 25 ಹೆಚ್ಚು, ಒಟ್ಟು 95,625. ಅರ್ಧರ್ಧ ಹಂಚಿಕೊಂಡರೂ ಸುಮಾರು 48 ಸಾವಿರ ಕೈಯಿಂದ ಕೊಡಬೇಕು, ವಕೀಲರ ಫೀಸು ಬೇರೆ.

ತೀರ್ಪು ಸರಿಬರಲಿಲ್ಲವೆಂದರೆ ಮೇಲ್ಮನವಿಯೂ ಇಲ್ಲ. 34ನೇ ಕಲಮಿನಡಿ ಮೂರು ತಿಂಗಳೊಳಗೆ ರದ್ದತಿಗೆ ಅರ್ಜಿ ಹಾಕಬಹುದು. ಆದರೆ ಸಾಕ್ಷ್ಯವನ್ನು ಮತ್ತೆ ತೂಗಿ ನೋಡಿ ಎಂದು ಅಲ್ಲಿ ಕೇಳುವಂತಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಧರ್ಮಶಾಸ್ತ್ರ ಪಂಡಿತ ವಿಜ್ಞಾನೇಶ್ವರ ಈ ವಿಷಯದಲ್ಲಿ ಉದಾರಿ. ಕುಲದವರ (ಬಂಧುಬಳಗದ) ತೀರ್ಪು ಹಿಡಿಸದಿದ್ದರೆ ಶ್ರೇಣಿ (ಒಂದೇ ಕಸುಬಿನವರ ಸಂಘ), ಆಮೇಲೆ ಪೂಗ (ಊರಿನವರ ಸಭೆ), ಅದರಾಚೆ ರಾಜ ನೇಮಿಸಿದವರು ಎಂದು ತನ್ನ ಗ್ರಂಥ ಮಿತಾಕ್ಷರದಲ್ಲಿ ಮೆಟ್ಟಿಲು ಕಟ್ಟಿಟ್ಟಿದ್ದಾನೆ.

ನೀವು ಕೇಳದೇ ಬಿಟ್ಟ ಮೂರನೇ ದಾರಿಯೊಂದಿದೆ, ನಮ್ಮ ಓಟು ಅದಕ್ಕೆ. ವಾಸಕ್ಕೆ ಮನೆ ಕಟ್ಟಿಸಿಕೊಳ್ಳುವವರು ಗ್ರಾಹಕರು. ಕರಾರಿನಲ್ಲಿ ಆರ್ಬಿಟ್ರೇಷನ್ ಕಲಮು ಇದ್ದರೂ ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಕೊಟ್ಟ ಮೊತ್ತ 50 ಲಕ್ಷದೊಳಗಿರುವುದರಿಂದ ಜಿಲ್ಲಾ ಆಯೋಗವೇ ಸಾಕು. ಅಲ್ಲಿ ಶುಲ್ಕ 400 ರೂಪಾಯಿ. ದೂರಿಗೆ ಎರಡು ವರ್ಷದ ಗಡುವಿದೆ, ಕೆಲಸ ನಿಂತ ತಾರೀಕು ಹುಡುಕಿಟ್ಟುಕೊಳ್ಳಿ.

ಇನ್ನು ಸ್ಟ್ಯಾಂಪು. ಮುದ್ರಾಂಕ ಶುಲ್ಕ ಕಡಿಮೆ ಬಿದ್ದಿದ್ದರೂ ಕರಾರು ಸಾಯುವುದಿಲ್ಲ, ಅದು ಸರಿಪಡಿಸಬಹುದಾದ ದೋಷ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಬಾಕಿ ಶುಲ್ಕ, ದಂಡ ಕಟ್ಟಬೇಕಾದೀತು ಅಷ್ಟೆ. ಅಸಲು ಪ್ರತಿ ನಿಮ್ಮ ಬಳಿಯೇ ಇರಲಿ, ಕಂಪನಿಯವರು ಕೇಳಿದರೆ ಜೆರಾಕ್ಸ್ ಕೊಡಿ.