ಯಾಣದ ಲೇಖನದಲ್ಲಿ ಕಲ್ಲು ಎಲ್ಲಿದೆ?

ಪ್ರಿಯ ಲೇಖಕರೇ,

ಉತ್ತರ ಕನ್ನಡದ ಕಾಡಿನ ನಡುವೆ ಎದ್ದು ನಿಂತ ಯಾಣದ ಕಪ್ಪು ಬಂಡೆಗಳ ಬಗ್ಗೆ ನೀವು ಕಳಿಸಿದ ಪ್ರವಾಸ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ. ಬಂಡೆಯ ಸೀಳಿನೊಳಗೆ ಬರಿಗಾಲಲ್ಲಿ ನಡೆದ ಪ್ಯಾರಾ ಇದಕ್ಕೆ ಕಾರಣ. ಕಾಲಡಿಯ ತೇವ, ಬಾವಲಿಗಳ ವಾಸನೆ, ತಲೆಯ ಮೇಲೆ ತುಂಡು ಆಕಾಶ, ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಅಲ್ಲಿ ನೀವು ಬಣ್ಣಿಸಲು ಹೋಗಿಲ್ಲ, ಕಂಡದ್ದನ್ನು ಹೇಳಿದ್ದೀರಿ.

ಉಳಿದೆಡೆ ಹಾಗಾಗಿಲ್ಲ. ಕಲ್ಲು ಮೊದಲ ಬಾರಿ ಬರುವುದೇ ಒಂಬತ್ತನೇ ಪ್ಯಾರಾದಲ್ಲಿ. ಬೆಂಗಳೂರು ಬಿಟ್ಟದ್ದು, ದಾರಿಯ ತಿಂಡಿ, ಕಾರಿನಲ್ಲಿ ಹಾಕಿದ ಹಾಡು, ಇವೆಲ್ಲ ಹೋಗಲಿ. ಬಂದ ಮೇಲೂ ಕಲ್ಲು 'ಗಗನಚುಂಬಿ'ಯಾಗಿ ನಿಂತು ನಿಮ್ಮನ್ನು 'ಮೂಕವಿಸ್ಮಿತ'ರಾಗಿಸುತ್ತದೆ, ಅಷ್ಟೇ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎಂದು ಬರೆಯಿರಿ. 120 ಮೀಟರ್ ಎಂದರೆ ಸುಮಾರು 40 ಅಂತಸ್ತು. ಇಷ್ಟು ಹೇಳಿದರೆ ಓದುಗ ತಾನೇ ಕತ್ತೆತ್ತಿ ನೋಡುತ್ತಾನೆ.

ಈಗ ಮುಖ್ಯ ತಪ್ಪಿಗೆ ಬರೋಣ. 'ಲಾವಾ ಗಟ್ಟಿಯಾಗಿ, ಗಾಳಿಗೆ ಸವೆದು ಆದ ಬಂಡೆ' ಎಂದಿದ್ದೀರಿ. ಬಣ್ಣ ಕಪ್ಪಾದ್ದರಿಂದ ಈ ಊಹೆ ಹುಟ್ಟಿರಬಹುದು, ಆದರೆ ಅದು ನಿಲ್ಲುವುದಿಲ್ಲ. ಯಾಣದ್ದು ಸುಣ್ಣಕಲ್ಲು. ಮಳೆನೀರು ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಆ ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತದೆ. ಕಲ್ಲಿನಲ್ಲಿ ಮೊದಲೇ ಇರುವ ಬಿರುಕುಗಳಿಗೆ ನೀರು ಇಳಿದು, ಬಿರುಕು ಸೀಳಾಗಿ, ಸೀಳು ಓಣಿಯಾಗಿ, ನಡುವೆ ಉಳಿದ ಗಟ್ಟಿ ಭಾಗ ಶಿಖರವಾಗುತ್ತದೆ. ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಘಟ್ಟದಲ್ಲಿ ಈ ಕೆಲಸ ಇವತ್ತಿಗೂ ನಡೆದೇ ಇದೆ. ಬಂಡೆಯ ಮೈ ಹತ್ತಿರದಿಂದ ನೋಡಿದ್ದರೆ ಪುರಾವೆ ಸಿಗುತ್ತಿತ್ತು: ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳು, ಗೀರುಗಳ ನಡುವೆ ಕೈ ಕೊಯ್ಯುವಂಥ ಏಣುಗಳು. ನೀರು ಹರಿದ ಕಡೆ ಕಲ್ಲು ಕರಗಿ, ಹರಿಯದ ಕಡೆ ಚೂಪಾಗಿ ಉಳಿದಿದೆ. ನೀವು ಬರಿಗಾಲಲ್ಲಿ ನಡೆದ ಆ ಸೀಳು ಕೂಡ ಹೀಗೇ ಆದದ್ದು. ನಿಮ್ಮ ಒಳ್ಳೆಯ ಪ್ಯಾರಾಕ್ಕೆ ಈ ವಿವರಣೆಯನ್ನು ಜೋಡಿಸಿ.

ಇದೇ ಕಾರಣಕ್ಕೆ 'ಹಂಪಿ, ಬಾದಾಮಿ, ಸೇಂಟ್ ಮೇರೀಸ್ ದ್ವೀಪದಂತೆಯೇ' ಎಂಬ ಸಾಲನ್ನೂ ತೆಗೆಯಿರಿ. ಹಂಪಿಯದು ಗ್ರಾನೈಟ್, ಬಿರುಕುಗಳ ಅಂಚು ಸವೆದು ದುಂಡಗಾದ ಗುಂಡುಗಳು. ಬಾದಾಮಿಯದು ಮರಳುಗಲ್ಲು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳಂತೂ ಸವೆತದಿಂದ ಆದವೇ ಅಲ್ಲ, ಲಾವಾ ತಣಿದು ಕುಗ್ಗುವಾಗ ಒಡೆದವು.

ಮೋಹಿನಿಯ ಮೋಡಿಗೆ ಸಿಕ್ಕು ಭಸ್ಮಾಸುರ ಇಲ್ಲಿ ಸುಟ್ಟು ಬೂದಿಯಾದ ಕಥೆ ಇರಲಿ, ಅದಿಲ್ಲದೆ ಆ ಎರಡು ಶಿಖರಗಳ ಹೆಸರೇ ಅರ್ಥವಾಗದು. ಆದರೆ ಕಥೆಯನ್ನು ಕಥೆಯಾಗಿ ಹೇಳಿ, ಕಲ್ಲು ಕಪ್ಪಾದದ್ದಕ್ಕೆ ಅದನ್ನೇ ಕಾರಣ ಮಾಡಬೇಡಿ. 'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆಯನ್ನು ಯಾಣದ ಬಗ್ಗೆ ಬರೆಯುವವರೆಲ್ಲ ಬಳಸುತ್ತಾರೆ. ರಸ್ತೆ ಇಲ್ಲದ ಕಾಲದಲ್ಲಿ ದಟ್ಟ ಕಾಡು ಹಾದು ನಡೆದೇ ಹೋಗಬೇಕಿತ್ತು, ಮೈಯಲ್ಲಿ ಕಸುವಿದ್ದವನಿಗಷ್ಟೇ ಅದು ಸಾಧ್ಯವಿತ್ತು ಎಂದು ಒಂದು ಸಾಲು ಸೇರಿಸಿದರೆ ನಿಮ್ಮಲ್ಲಿ ಗಾದೆಗೆ ಕೆಲಸ ಸಿಗುತ್ತದೆ.

ಎರಡು ವಾಕ್ಯಗಳು ಅಪಾಯಕಾರಿ. 'ಪ್ರತಿಧ್ವನಿ ಕೇಳಲು ಕೂಗಾಡಿದೆವು' ಎಂಬುದನ್ನು ಅಳಿಸಿಬಿಡಿ. ಭೈರವೇಶ್ವರ ಶಿಖರದ ಮೈಗೆ ಹೆಜ್ಜೇನು ಕಟ್ಟುತ್ತವೆ. ಗದ್ದಲ, ಕಲ್ಲೆಸೆತ, ಹೊಗೆ, ಡ್ರೋನ್ ಯಾವುದಕ್ಕೆ ಕೆರಳಿದರೂ ಹಿಂಡೇ ಎರಗುತ್ತದೆ, ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಓಡಲು ಜಾಗವಿಲ್ಲ. ಇನ್ನೊಂದು, 'ಜುಲೈ ಅತ್ಯುತ್ತಮ ಸಮಯ'. ಆಗ ಮೆಟ್ಟಿಲು ಪಾಚಿಗಟ್ಟಿರುತ್ತವೆ, ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದು ಶಿರಸಿ–ಕುಮಟಾ ರಸ್ತೆ ಬಂದ್ ಆಗುವುದೂ ಉಂಟು. ನವೆಂಬರ್‌ನಿಂದ ಫೆಬ್ರವರಿವರೆಗೆ ಎಂದು ತಿದ್ದಿ. ಮಳೆಗಾಲದಲ್ಲೇ ಹೋಗುವವರಿಗೆ ಉಂಬಳದ (ರಕ್ತ ಹೀರುವ ಕಾಡು ಜಿಗಣೆ) ಬಗ್ಗೆ ಹೇಳಿ: ಉದ್ದ ಕಾಲುಚೀಲ, ಅದರ ಮೇಲೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ. ಹತ್ತಿದರೆ ಎಳೆಯದೆ, ಬಾಯಿಯ ಬುಡಕ್ಕೆ ಉಗುರು ಜಾರಿಸಿ ಬಿಡಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಸೇರಿಸಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ಸಾಕು.

'ಸ್ವಲ್ಪ ನಡೆದರೆ ಸಿಗುತ್ತದೆ' ಎಂದರೆ ಮೊಣಕಾಲು ನೋವಿನ ಓದುಗರಿಗೆ ಏನೂ ತಿಳಿಯದು. ಶಿರಸಿ ಕಡೆಯಿಂದ ಹೋದಿರೋ, ಕುಮಟಾ ಕಡೆಯಿಂದಲೋ, ವಾಹನ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಎಷ್ಟು ನಿಮಿಷ, ಮೆಟ್ಟಿಲುಗಳೆಷ್ಟು, ಕೊನೆಯ ಬಸ್ ಯಾವಾಗ, ಇಷ್ಟನ್ನೂ ಖಚಿತಪಡಿಸಿಕೊಂಡು ಬರೆಯಿರಿ. ಶಿವರಾತ್ರಿ ಜಾತ್ರೆಯ ದಿನಗಳಲ್ಲಿ ಜನದಟ್ಟಣೆ ಇರುತ್ತದೆ, ಅದನ್ನೂ ತಿಳಿಸಿ.

ಚಿತ್ರಗಳಲ್ಲಿ ನಾಲ್ಕು ನಿಮ್ಮ ಸೆಲ್ಫಿಗಳು, ಬಂಡೆ ಹಿಂದೆ ಮಸುಕಾಗಿದೆ. ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ, ದೂರ ಸರಿದು, ಫೋನ್ ನೆಟ್ಟಗೆ ಹಿಡಿದು ತೆಗೆಯಿರಿ. ಮೇಲಕ್ಕೆ ವಾಲಿಸಿದರೆ ಶಿಖರ ಹಿಂದಕ್ಕೆ ಬಿದ್ದಂತೆ ಕಾಣುತ್ತದೆ. ಗೀರುಗಳ ಒಂದು ಸಮೀಪಚಿತ್ರ ಬೇಕೇ ಬೇಕು.

ತಿದ್ದಿದ ಬರಹ 800 ಪದ ಮೀರದಿರಲಿ. ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕುಗ್ಗಿಹೋಗುತ್ತವೆ, ಮೂಲ ಫೈಲುಗಳನ್ನೇ ಇಮೇಲ್ ಮಾಡಿ.

– ಸಂಪಾದಕ